ಬೆಳಕಿನ ಊರು, ಕತ್ತಲೆಯ ಚಿತ್ರ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಕವಲು ರೈಲಿನಲ್ಲಿ ಕುಳಿತವರಿಗೆ, ಕೋಲಾರ ಚಿನ್ನದ ಗಣಿ ಸಮೀಪಿಸಿದಂತೆ, ನೆತ್ತಿ ಮಟ್ಟಸವಾದ ಬೂದುಬಣ್ಣದ ದಿಬ್ಬಗಳು ಕಾಣಿಸುತ್ತವೆ. ಊರವರು ಅವನ್ನು ಸಯನೈಡ್ ದಿಬ್ಬಗಳೆನ್ನುತ್ತಾರೆ. ಅದಿರನ್ನು ಅರೆದು, ಸಯನೈಡಿನ ನೆರವಿನಿಂದ ಚಿನ್ನವನ್ನು ಬಿಡಿಸಿಕೊಂಡ ಮೇಲೆ ಉಳಿದ ಪುಡಿಯ ರಾಶಿ ಅದು. ಹಗಲಿನಲ್ಲಿ ಅವುಗಳಿಂದ ಭಯವೇನೂ ಹುಟ್ಟದು; ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತವೆ.

ಈ ದಿಬ್ಬಗಳಲ್ಲಿಯೇ ಚಿತ್ರಿತವಾದ ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ (2018) ನೋಡಿದವರು ಆ ಬಿಳುಪನ್ನು ನೆನಪಿಟ್ಟುಕೊಂಡಿರಲಾರರು. ಅಲ್ಲಿರುವುದು ಕಪ್ಪು, ಕಂದು, ಧೂಳು. ನಡುವೆ ಪಂಜಿನ ಕೆಂಪು. ಹೊಡೆದಾಟದ ಚಿತ್ರವೆಂದೇ ಅದು ಹೆಸರಾಯಿತು, ನಿಜ. ಆದರೆ ಅದರ ನರಾಚಿಯೆಂಬ ಗಣಿಯನ್ನು ನೋಡಿ: ಹೊರಬರಲಾಗದ ಕೋಟೆ, ರೋಗಶಯ್ಯೆಯಲ್ಲಿರುವ ಒಡೆಯ, ಕ್ರೂರಿಯಾದ ಮಗ, ದೇವಿಯ ಮುಂದೆ ಬಲಿಯ ರಾತ್ರಿ. ಯೂರೋಪಿನವರು ಗಾಥಿಕ್ ಎಂದು ಕರೆದ ಕಥೆಗಳ ಸಾಮಗ್ರಿಯೆಲ್ಲ ಇಲ್ಲಿದೆ.

ಆ ಬಗೆಯ ಚಿತ್ರಗಳಲ್ಲಿ ಕಥೆಗಿಂತ ಮೊದಲು ಕೆಲಸ ಮಾಡುವುದು ನೆರಳು. 1920ರ ಜರ್ಮನ್ ಚಿತ್ರ ‘ಡಾಕ್ಟರ್ ಕ್ಯಾಲಿಗರಿ’ಯಲ್ಲಿ ನೆರಳುಗಳನ್ನು ಗೋಡೆಯ ಮೇಲೆಯೇ ಬಣ್ಣದಿಂದ ಬರೆದಿದ್ದರು. ಜರ್ಮನಿಯಿಂದ ಬಂದ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ 1949ರ ಹಿಂದಿ ‘ಮಹಲ್’ನಲ್ಲಿ ಆ ವಿದ್ಯೆಯನ್ನು ನಮ್ಮ ಹಳೆಯ ಬಂಗಲೆಯೊಳಗೆ ತಂದರು, ಖೇಮಚಂದ್ ಪ್ರಕಾಶರ ಸಂಗೀತ ಕಾಣದ ಹೆಣ್ಣಿನ ಕಂಠವನ್ನೇ ಭೂತವಾಗಿಸಿತು. ‘ಕೆ.ಜಿ.ಎಫ್.’ನಲ್ಲಿ ಭುವನ್ ಗೌಡರ ಕ್ಯಾಮೆರಾ ಮುಖವನ್ನು ಅರ್ಧ ಬೆಳಗಿ ಅರ್ಧ ಮುಚ್ಚುತ್ತದೆ. ರವಿ ಬಸ್ರೂರರ ಸಂಗೀತದಲ್ಲಿ ಒಂಟಿ ಕಂಠದ ಬದಲು ಗುಂಪಿನ ದನಿ, ಎದೆಗೆ ಬಡಿಯುವ ಚರ್ಮವಾದ್ಯ. ಕೆಲಸಗಾರರು ಮಾತಾಡುವುದಕ್ಕಿಂತ ಹೆಚ್ಚಾಗಿ ಅವರ ಪರವಾಗಿ ಸಂಗೀತವೇ ಮಾತಾಡುತ್ತದೆ.

ನನ್ನ ತಕರಾರು ಇರುವುದು ಇಲ್ಲಿ. ನಿಜವಾದ ಗಣಿಯ ಚರಿತ್ರೆ ಬೆಳಕಿನ ಚರಿತ್ರೆಯೂ ಹೌದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ಸಾಗಿ ಬಂದದ್ದು ಈ ಗಣಿಗಾಗಿ; ಬೆಂಗಳೂರಿನ ಬೀದಿದೀಪಕ್ಕೆ ಅದು ದಕ್ಕಿದ್ದು 1905ರಲ್ಲಿ. ಯಂತ್ರಕ್ಕೆ ಮೊದಲು, ಮನುಷ್ಯನಿಗೆ ಆಮೇಲೆ ಎಂಬುದು ಬೇರೆ ಮಾತು. ಕತ್ತಲೆಯೂ ಇತ್ತು, ಆದರೆ ಅದು ನೆಲದಡಿಯಲ್ಲಿ: ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿ ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಯಾವ ವಾದ್ಯಗಾರನೂ ಬರೆಯದ ಸಂಗೀತವದು.

ಆ ಆಳಕ್ಕೆ ಇಳಿದವರು ಮುಖವಿಲ್ಲದ ಗುಂಪಾಗಿರಲಿಲ್ಲ. ಬೆರಳಚ್ಚು ಕೊಡಲೊಲ್ಲದೆ 1930ರಲ್ಲಿ ಅವರು ಮುಷ್ಕರ ಹೂಡಿದರು. ತಮ್ಮನ್ನು ಬಿಡಿಸಲು ಹೊರಗಿನಿಂದ ಒಬ್ಬ ವೀರ ಬರಲೆಂದು ಕಾದು ಕೂರಲಿಲ್ಲ. ಚಿತ್ರದ ಕತ್ತಲೆ ಎಷ್ಟು ಸುಂದರವೆಂದರೆ ಇದು ಅದರಲ್ಲಿ ಕಾಣಿಸುವುದೇ ಇಲ್ಲ. ನರಾಚಿ ಕಲ್ಪನೆಯ ಊರು, ಒಪ್ಪೋಣ. ಹೆಸರು ಮಾತ್ರ ನಿಜವಾದ ಊರಿನದು.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ದಿಬ್ಬಗಳು ಉಳಿದಿವೆ. ಬೇಸಿಗೆಯ ಗಾಳಿಗೆ ಆ ಬಿಳಿ ಪುಡಿ ಎದ್ದು, ಗಣಿಯವರ ಸಾಲುಮನೆಗಳ ಮೇಲೆ ಕೂರುತ್ತದೆ.