ಸೇರಿನಿಂದ ಗ್ರಾಮಿಗೆ: ಹಿಟ್ಟಿನ ಅಳತೆಯ ಕಥೆ

ಸೇಡಂ, ಚಿತ್ತಾಪುರ ಅಥವಾ ಚಿಂಚೋಳಿಯ ಒಂದು ಮನೆಯಿಂದ ಡಬ್ಬಿ ತುಂಬ ಬಿಳಿಜೋಳ ಗಿರಣಿಗೆ ಹೋಯಿತೆನ್ನಿ. ಬೀಸಿದ ಹಿಟ್ಟು ಅದೇ ಡಬ್ಬಿಯಲ್ಲಿ ಸಲೀಸಾಗಿ ಹಿಡಿಸುವುದಿಲ್ಲ; ಕುಲುಕಿ, ಒತ್ತಿ ತುಂಬಬೇಕಾಗುತ್ತದೆ. ತೂಗಿದರೆ ಮಾತ್ರ ತೂಕ ಹೆಚ್ಚೇನೂ ಬದಲಾಗಿರುವುದಿಲ್ಲ. ತೂಕ ಹಾಗೆಯೇ ಇದ್ದು ಗಾತ್ರ ಹೆಚ್ಚಿದ್ದು ಹೇಗೆ? ಹಿಟ್ಟಿನ ಕಣಗಳ ನಡುವೆ ಗಾಳಿ ಸೇರಿಕೊಂಡಿದೆ.

ಗಾತ್ರ ಮತ್ತು ತೂಕಗಳ ಈ ಲೆಕ್ಕಕ್ಕೆ ನಮ್ಮ ನೆಲದಲ್ಲಿ ಹಳೆಯ ನಂಟಿದೆ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷನನ್ನು ಕೊಂಡಾಡಿ, ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದರ ಮೊದಲ ಅಧ್ಯಾಯದಲ್ಲಿ ಧಾನ್ಯದ ಅಳತೆಗಳಿವೆ: ನಾಲ್ಕು ಕುಡವಕ್ಕೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಚಿನ್ನ, ಬೆಳ್ಳಿಗಳ ತೂಕದ ಮಾನಗಳನ್ನು ಅವನು ಬೇರೆಯಾಗಿಯೇ ಕೊಟ್ಟಿದ್ದಾನೆ. ಅಳೆಯುವ ವಸ್ತು ಬೇರೆ, ತೂಗುವ ವಸ್ತು ಬೇರೆ ಎಂಬ ವಿವೇಕ ಅಲ್ಲಿ ಕಾಣುತ್ತದೆ.

ಮುಂದೆ ಬಳಕೆಗೆ ಬಂದ 'ಸೇರು' ಎಂಬ ಪದ ಈ ಎರಡನ್ನೂ ಬೆರೆಸಿತು. ತಕ್ಕಡಿಯಲ್ಲಿ ತೂಗುವುದೂ ಸೇರು, ಪಾತ್ರೆಯಲ್ಲಿ ಅಳೆಯುವುದೂ ಸೇರು! ಸಾಲದೆಂಬಂತೆ ಅಳತೆಯ ಸೇರು ಊರಿಂದ ಊರಿಗೆ ಬದಲಾಗುತ್ತಿತ್ತು. ಪಾತ್ರೆಯನ್ನು ಗೋಪುರದಂತೆ ತುಂಬಬೇಕೋ, ಬಾಯಿಗೆ ಸಮನಾಗಿ ಗೀಚಬೇಕೋ ಎಂಬುದರ ಮೇಲೆ ಕೊಳ್ಳುವವನ ಲಾಭನಷ್ಟ ನಿಂತಿತ್ತು.

1956ರ ನವೆಂಬರ್ 1ರಂದು ಈ ಪ್ರದೇಶ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೇಶದ ತೂಕ ಮತ್ತು ಅಳತೆಗಳ ಕಾಯಿದೆ ಬಂತು. 80 ತೊಲದ ಸೇರನ್ನು ಅದು 933.1 ಗ್ರಾಂ ಎಂದು ಗೊತ್ತುಮಾಡಿತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂದ ಮೆಟ್ರಿಕ್ ತೂಕಗಳು 1962ರ ಏಪ್ರಿಲ್‌ನಲ್ಲಿ ಕಡ್ಡಾಯವಾದವು. ಗೊಂದಲದ ಸೇರು ಹೋಯಿತು. ಅಡುಗೆಮನೆಯ ಲೋಟ ಮಾತ್ರ ಉಳಿಯಿತು.

ಲೋಟದಿಂದ ಗ್ರಾಮಿಗೆ ಹೋಗಲು ಗಾತ್ರವನ್ನು ಸಾಂದ್ರತೆಯಿಂದ ಗುಣಿಸಬೇಕು. ನೀರಿಗೆ ಇದು ಸುಲಭ: 240 ಮಿಲಿಲೀಟರ್ ಎಂದರೆ ಸುಮಾರು 240 ಗ್ರಾಂ. ಅದೇ ಲೋಟಕ್ಕೆ ಮೈದಾವನ್ನು ಚಮಚದಿಂದ ಹಗುರವಾಗಿ ಉದುರಿಸಿದರೆ ಸುಮಾರು 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಆಗಬಹುದು. ಇದಕ್ಕೆ 100 ಗ್ರಾಂ ನೀರು ಬೆರೆಸಿದಿರಿ ಎನ್ನಿ. ಹಿಟ್ಟಿನ ತೂಕಕ್ಕೆ ನೀರು ಮೊದಲ ಸಲ ಶೇ. 83, ಎರಡನೆಯ ಸಲ ಶೇ. 67. ಒಂದು ಕಣಕ ಅಂಟಂಟು, ಇನ್ನೊಂದು ಗಟ್ಟಿ. ರೊಟ್ಟಿ ಬಡಿಯುವ ತಾಯಿಯ ಕೈ ಇದನ್ನು ಕೂಡಲೇ ಗುರುತಿಸಿ ನೀರನ್ನೋ ಹಿಟ್ಟನ್ನೋ ಸೇರಿಸುತ್ತದೆ. ಒಲೆಯೊಳಗೆ ಹೋದ ಬ್ರೆಡ್ಡನ್ನು ಹಾಗೆ ತಿದ್ದಲಾಗದು. ಆದ್ದರಿಂದಲೇ ಬೇಕರಿಯವರು ಹಿಟ್ಟನ್ನು ತೂಗುತ್ತಾರೆ.

ವಾಡಿ, ಶಹಾಬಾದ್ ಕಡೆಯ ಓದುಗರಿಗೆ ಇನ್ನೊಂದು ಪುಡಿಯ ಪರಿಚಯ ಚೆನ್ನಾಗಿದೆ: ಸಿಮೆಂಟ್. ಮರಳು, ಜಲ್ಲಿಗಳನ್ನು ಪೆಟ್ಟಿಗೆಯಲ್ಲಿ ಅಳೆದರೂ ಸಿಮೆಂಟನ್ನು ಚೀಲದ ಲೆಕ್ಕದಲ್ಲೇ ಹಾಕುತ್ತಾರೆ. 50 ಕಿಲೋಗ್ರಾಮಿನ ಒಂದು ಚೀಲಕ್ಕೆ 35 ಲೀಟರ್ ಗಾತ್ರವೆಂದು ಎಂಜಿನಿಯರುಗಳ ಎಣಿಕೆ. ಸಿಮೆಂಟನ್ನು ಸಡಿಲವಾಗಿ ಸುರಿದರೆ ಅದರ ಗಾತ್ರವೂ ಹಿಟ್ಟಿನಂತೆಯೇ ಹಿಗ್ಗುತ್ತದೆ.

ಶಿಕ್ಷಕರೇ, ತರಗತಿಗೆ ಒಂದು ಲೋಟ, ಒಂದು ತಕ್ಕಡಿ, ಸ್ವಲ್ಪ ಜೋಳದ ಹಿಟ್ಟು ತನ್ನಿ. ಜರಡಿ ಹಿಡಿದು ತುಂಬಿದಾಗ, ಲೋಟದಿಂದಲೇ ಮೊಗೆದಾಗ, ಕುಟ್ಟಿ ತುಂಬಿದಾಗ ಎಷ್ಟು ತೂಗುತ್ತದೆಂದು ಮಕ್ಕಳು ಬರೆದುಕೊಳ್ಳಲಿ. ಪ್ರತಿಯೊಂದನ್ನೂ ಐದು ಸಲ ಮಾಡಿ ಸರಾಸರಿ ತೆಗೆಯಲಿ. ಮೂರು ಸರಾಸರಿಗಳೂ ಬೇರೆಬೇರೆ ಬಂದಾಗ ಕೇಳಿ: ಇವುಗಳಲ್ಲಿ 'ಒಂದು ಲೋಟ ಹಿಟ್ಟು' ಯಾವುದು?