ತೂಬು ಯಾರದು ಅಂತ ಬರೆದಿಡಿ: ಫೈರ್‌ವಾಲ್ ರೂಲುಗಳ ಒಂದು ಸಣ್ಣ ಚರಿತ್ರೆ

ಇವತ್ತಿನ ಎಪಿಸೋಡ್‌ನ ನನ್ನದೇ ಒಂದು ತಪ್ಪಿಂದ ಶುರು ಮಾಡ್ತೀನಿ.

ಬಿ.ಕಾಂ ಮುಗಿಸಿ ಮಂಡ್ಯದ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡ್ತಿದ್ದೆ. ಹೆಸರು ಬೇಡ. ಸರ್ವರ್ ನೋಡ್ಕೊಳ್ತಿದ್ದವರು ಕೆಲಸ ಬಿಟ್ಟಾಗ, "ನಿಂಗೆ ಕಂಪ್ಯೂಟರ್ ಬರುತ್ತಲ್ಲಪ್ಪಾ" ಅಂತ ಅದೂ ನನ್ನ ತಲೆಗೇ ಬಂತು. ಕಪ್ಪು ಸ್ಕ್ರೀನ್ ಮೇಲೆ ಕಮಾಂಡ್ ಕೊಟ್ಟು ಫೈರ್‌ವಾಲ್ ರೂಲುಗಳ ಪಟ್ಟಿ ತೆಗೆದೆ. ಹತ್ತಿರ ಹತ್ತಿರ ನಲವತ್ತು ಸಾಲು, ಬರೀ ನಂಬರ್. ಯಾಕೆ, ಯಾರಿಗೆ ಅಂತ ಒಂದು ಪದ ಇಲ್ಲ. ಒಂದು ರೂಲಿನ ಮುಂದೆ ಎಷ್ಟು ಪ್ಯಾಕೆಟ್ ಹೋಗಿದೆ ಅನ್ನೋ ಲೆಕ್ಕ ಸೊನ್ನೆ ಇತ್ತು. ಬಳಸ್ತಾ ಇಲ್ಲ ಅಂದ್ಕೊಂಡು ಅಳಿಸಿದೆ.

ತಿಂಗಳ ಕೊನೆಗೆ ಸಂಬಳದ ಫೈಲ್ ಬ್ಯಾಂಕಿಗೆ ಹೋಗಲೇ ಇಲ್ಲ. ನಾನು ಅಳಿಸಿದ್ದೇ ಬ್ಯಾಂಕಿನ ವಿಳಾಸಕ್ಕೆ ದಾರಿ ಬಿಡೋ ರೂಲು. ತಿಂಗಳಿಗೆ ಒಂದೇ ಸಲ ಅದರ ಕೆಲಸ. ನಡುವೆ ಸರ್ವರ್ ರೀಸ್ಟಾರ್ಟ್ ಆಗಿ ಲೆಕ್ಕ ಸೊನ್ನೆಗೆ ಬಂದಿತ್ತು, ಅಷ್ಟೇ. ಮಾರನೇ ದಿನ ಗೌರಿ ಹಬ್ಬ. ಲೋಡಿಂಗ್ ಕೆಲಸದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, "ದುಡ್ಡು ಇನ್ನೂ ಬಿದ್ದಿಲ್ವಲ್ಲಪ್ಪಾ, ಮಗಳು ಊರಿಗೆ ಬಂದವ್ಳೆ" ಅಂದರು. ಆ ಮಾತು ಇವತ್ತಿಗೂ ನೆನಪಿದೆ.

ಸರಿ, ಈ ರೂಲು ಅಂದ್ರೆ ಏನು? ನಮ್ಮ ಕಡೆಯವರಿಗೆ ನಾಲೆ ತೋರಿಸಿದ್ರೆ ಸಾಕು. ಕನ್ನಂಬಾಡಿ ಕಟ್ಟೆಯಿಂದ ಬರೋ ವಿಶ್ವೇಶ್ವರಯ್ಯ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ಮಂಡ್ಯ, ಮದ್ದೂರು, ಮಳವಳ್ಳಿ ಗದ್ದೆಗಳ ಜೀವ ಅದು. ಯಾವ ತೂಬು ಯಾವಾಗ ತೆಗೀಬೇಕು ಅಂತ ಊರಿನ ನೀರುಗಂಟಿಗೆ ಗೊತ್ತಿರುತ್ತೆ. ಮೇಲಿನ ತೂಬಲ್ಲಿ ಏನಾಯ್ತು ಅನ್ನೋದರ ಮೇಲೆ ಮಳವಳ್ಳಿ ಕಡೆಯ ಕೊನೆ ಗದ್ದೆಗೆ ನೀರು ಬರುತ್ತೋ ಇಲ್ವೋ ತೀರ್ಮಾನ. ಫೈರ್‌ವಾಲ್ ಕೂಡ ರೂಲುಗಳನ್ನ ಮೇಲಿಂದ ಕೆಳಕ್ಕೆ ಓದುತ್ತೆ. ಮೇಲಿನ ರೂಲು "ಬಿಡಬೇಡ" ಅಂದ್ರೆ ಕೆಳಗೆ "ಬಿಡು" ಅಂತ ಬರೆದಿದ್ದೂ ದಂಡ. ಒಂದೇ ವ್ಯತ್ಯಾಸ: ನೀರಿಗೆ ವಿಳಾಸ ಇರಲ್ಲ, ಪ್ಯಾಕೆಟ್ಟಿಗೆ ಇರುತ್ತೆ. ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಯಾವ ಪೋರ್ಟ್ ಅಂತ ನೋಡಿಯೇ ಒಳಗೆ ಬಿಡೋದು.

ಈಗ ಚರಿತ್ರೆಗೆ ಬರೋಣ. 1988ರ ನವೆಂಬರ್ 2ರಂದು ಮಾರಿಸ್ ವರ್ಮ್ ಅನ್ನೋ ಪ್ರೋಗ್ರಾಂ ಆಗಿನ ಪುಟ್ಟ ಇಂಟರ್‌ನೆಟ್ಟಿನ ಸಾವಿರಾರು ಕಂಪ್ಯೂಟರ್‌ಗಳನ್ನ ಮಲಗಿಸಿತು. ಎಲ್ಲರನ್ನೂ ನಂಬಿ ಬಾಗಿಲು ತೆಗೆದಿಡೋ ಕಾಲ ಅಲ್ಲಿಗೆ ಮುಗೀತು. 1994ರ ಕೊನೆಗೆ ಅಲನ್ ಕಾಕ್ಸ್, ಬಿಎಸ್‌ಡಿಯಲ್ಲಿದ್ದ ಐಪಿಎಫ್‌ಡಬ್ಲ್ಯೂ ಅನ್ನು ಲಿನಕ್ಸ್‌ಗೆ ತಂದರು. ಮರುವರ್ಷ, 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಭಾರತದ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಕೊಟ್ಟಿತು. ಆಮೇಲೆ ರಸ್ಟಿ ರಸೆಲ್ ಐಪಿಚೈನ್ಸ್ ಬರೆದರು. 2001ರಲ್ಲಿ ಲಿನಕ್ಸ್ 2.4 ಜೊತೆ ಐಪಿಟೇಬಲ್ಸ್ ಬಂತು. ಅದರ ಹಿಂದಿನ ನೆಟ್‌ಫಿಲ್ಟರ್ ತಂಡ ಮುನ್ನಡೆಸಿದ ಹರಾಲ್ಡ್ ವೆಲ್ಟೆ ನಮ್ಮ ಬೆಂಗಳೂರಿನ ಫಾಸ್ ಡಾಟ್ ಇನ್ ಸಮ್ಮೇಳನಕ್ಕೂ ಬಂದು ಮಾತಾಡಿದವರು. 2014ರಲ್ಲಿ ಲಿನಕ್ಸ್ 3.13ಕ್ಕೆ ಎನ್‌ಎಫ್‌ಟೇಬಲ್ಸ್ ಸೇರಿತು.

ಈ ಸಾಲಿನಲ್ಲಿ ಯಾರೂ ದೊಡ್ಡದಾಗಿ ಹೇಳದ ಒಂದು ಸೇರ್ಪಡೆ ಇದೆ: ಕಾಮೆಂಟ್. ಮೊದಲೆಲ್ಲ ಟಿಪ್ಪಣಿ ಬೇಕಂದ್ರೆ ಸ್ಕ್ರಿಪ್ಟ್ ಫೈಲಿನಲ್ಲಿ ಹ್ಯಾಶ್ ಗುರುತು ಹಾಕಿ ಬರೀತಿದ್ರು. ಫೈಲ್ ಕಳೆದರೆ ಕಾರಣವೂ ಕಳೀತು. ಆಮೇಲೆ ಐಪಿಟೇಬಲ್ಸ್‌ಗೆ ಕಾಮೆಂಟ್ ಅನ್ನೋ ಮಾಡ್ಯೂಲ್ ಬಂತು. ರೂಲಿನ ಒಳಗೇ 256 ಅಕ್ಷರದವರೆಗೆ ಬರೆದಿಡಬಹುದು. ರೂಲು ಎಲ್ಲಿ ಹೋದ್ರೂ ಟಿಪ್ಪಣಿ ಜೊತೆಗೇ ಹೋಗುತ್ತೆ, ಪಟ್ಟಿ ತೆಗೆದಾಗ ಪಕ್ಕದಲ್ಲೇ ಕಾಣುತ್ತೆ.

ಕಾಮರ್ಸ್ ಓದಿದವರಿಗೆ ಇದು ಹೊಸದಲ್ಲ ಕಣ್ರೀ. ಜರ್ನಲ್ ಎಂಟ್ರಿ ಕೆಳಗೆ ಬ್ರಾಕೆಟ್ ಹಾಕಿ ನರೇಷನ್ ಬರೀತೀವಲ್ಲ, ಅದೇ. ಡೆಬಿಟ್ಟು, ಕ್ರೆಡಿಟ್ಟು ಸರಿ ಇದ್ರೂ ನರೇಷನ್ ಇಲ್ದಿದ್ರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಕಟ್. ಅಂಕಿ ಎಷ್ಟು ಅಂತ ಮಾತ್ರ ಹೇಳುತ್ತೆ, ಯಾಕೆ ಅಂತ ಮನುಷ್ಯರೇ ಬರೀಬೇಕು.

ಆವತ್ತು ಸಂಜೆ ಹಳೇ ಬ್ಯಾಕಪ್ ಹುಡುಕಿ ಆ ರೂಲು ವಾಪಸ್ ಹಾಕಿದೆ. ಆದ್ರೆ ಬ್ಯಾಂಕಿನ ಸಮಯ ಮುಗಿದಿತ್ತು, ಸಂಬಳ ಬಿದ್ದಿದ್ದು ಹಬ್ಬ ಕಳೆದ ಮೇಲೆ. ರೂಲಿನ ಪಕ್ಕ ಹೀಗೆ ಬರೆದೆ: ಸಂಬಳದ ಫೈಲ್, ತಿಂಗಳ ಕೊನೆ, ಅಕೌಂಟ್ಸ್ ವಿಭಾಗ ಕೇಳದೆ ತೆಗೀಬೇಡಿ. ಉಳಿದ ರೂಲುಗಳಿಗೆ ಒಬ್ಬೊಬ್ಬರನ್ನೇ ಕೇಳಿ ಟಿಪ್ಪಣಿ ಹಾಕೋಕೆ ಎರಡು ವಾರ ಹಿಡೀತು.

ನೀವೂ ಸರ್ವರ್ ಮುಟ್ಟೋರಾದ್ರೆ ಇಷ್ಟು ಮಾಡಿ. ಬದಲಾಯಿಸೋ ಮುಂಚೆ ಐಪಿಟೇಬಲ್ಸ್ ಸೇವ್ ಕೊಟ್ಟು ಒಂದು ಪ್ರತಿ ಇಟ್ಕೊಳ್ಳಿ. ಹೊಸ ರೂಲಿಗೆ ಕಾರಣ, ತಾರೀಖು, ಯಾರನ್ನ ಕೇಳಬೇಕು, ಈ ಮೂರನ್ನೂ ಬರೀರಿ. ಲೆಕ್ಕ ಸೊನ್ನೆ ಇದೆ ಅಂತ ಅಳಿಸೋಕೆ ಮುಂಚೆ ಒಂದು ತಿಂಗಳಾದ್ರೂ ಕಾಯಿರಿ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ನಮಸ್ಕಾರ.