ರೇಡಿಯೋ ರಾಗವೂ ನಮ್ ಮಗೀನ ಭಯವೂ

ಅಕ್ಕತಂಗೇರೇ, ನಾನು ಮದ್ವೆಯಾಗಿ ಕೋಡಿಹಳ್ಳಿಗೆ ಬಂದಾಗ ನಮ್ಮತ್ತೆ ಎದ್ದೇಟ್ಗೆ ರೇಡಿಯೋ ಹಾಕೋರು. ಆಕಾಶವಾಣಿ ಶುರುವಾಗೋ ರಾಗ ಬರ್ತಿದ್ದಂಗೇ ಲೋಟದಲ್ಲಿ ಕಾಫಿ ಕೊಡೋರು. ಈಗ ಅತ್ತೆ ಇಲ್ಲ. ಗ್ಯಾಸ್ಟ್ರಿಕ್ ಅಂತ ನಾನೂ ಕಾಫಿ ಬಿಟ್ಟು ವರ್ಷಗಳಾದ್ವು. ಆದ್ರೂ ಆ ರಾಗ ಕಿವಿಗೆ ಬಿದ್ರೆ ಬಾಯಲ್ಲಿ ನೀರೂರ್ತದೆ.

ಇದನ್ನ ಪರೀಕ್ಷೆ ಮಾಡಿ ತೋರಿಸಿದೋರು ರಷ್ಯಾದ ಪಾವ್ಲೋವ್. ಊಟ ಹೆಂಗೆ ಅರಗ್ತದೆ ಅಂತ ನಾಯಿಗಳ ಮೇಲೆ ಕೆಲ್ಸ ಮಾಡಿ 1904ರಲ್ಲಿ ನೊಬೆಲ್ ತಗೊಂಡೋರು. ಬಾಯಿಗೆ ಊಟ ಬೀಳೋಕೆ ಮುಂಚೇನೇ ನಾಯಿ ಜೊಲ್ಲು ಸುರಿಸೋದನ್ನ ಅವರು ಗಮನಿಸಿದ್ರು. ಬೇಕಂತಲೇ ಒಂದು ಸದ್ದು ಮಾಡಿ, ಹಿಂದೇನೇ ಊಟ ಕೊಟ್ರು. ಹಲವು ಸಲ ಹಂಗೆ ಮಾಡಿದ್ಮೇಲೆ ಬರೀ ಸದ್ದಿಗೇ ಜೊಲ್ಲು ಬಂತು. ಊಟ ಕೊಡದೆ ಸದ್ದು ಮಾತ್ರ ಮಾಡ್ತಾ ಹೋದ್ರೆ ಜೊಲ್ಲು ನಿಂತೋಯ್ತು. ಸ್ವಲ್ಪ ಹೊತ್ತು ಬಿಟ್ಟು ಸದ್ದು ಮಾಡಿದ್ರೆ ತಿರ್ಗಾ ಬಂತು. ಪುಸ್ತಕದಲ್ಲಿ ಇದಕ್ಕೆ ಶಾಸ್ತ್ರೀಯ ಅನುಬಂಧನ ಅಂತಾರೆ.

ಸೋಜಿಗ ನೋಡಿ, ಆಕಾಶವಾಣಿ ಅನ್ನೋ ಹೆಸರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 1935ರಲ್ಲಿ ರೇಡಿಯೋ ಶುರು ಮಾಡಿದೋರೂ ಮನಶ್ಶಾಸ್ತ್ರದ ಮೇಷ್ಟ್ರೇ, ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ.

ಆಸೆ ಹಂಗೇ ಭಯವೂ ಅಂಟ್ಕೊಳ್ತದೆ. 1920ರಲ್ಲಿ ಅಮೇರಿಕಾದ ವಾಟ್ಸನ್ ಒಂದು ಎಳೇ ಮಗೀಗೆ ಬಿಳಿ ಇಲಿ ತೋರಿಸಿ, ಹಿಂದೆಯಿಂದ ಕಬ್ಬಿಣ ಬಡಿಸಿದ್ರು. ಆಮೇಲೆ ಇಲಿ ಕಂಡ್ರೇ ಮಗು ಅಳೋದು. ಆ ಭಯ ಬಿಡಿಸದೇನೇ ಕಳಿಸಿಬಿಟ್ರು, ಪಾಪ.

ನಮ್ಮನೇಲೂ ಹಿಂಗೇ ಆಯ್ತು. ರಾಗಿ ಹೊಲಕ್ಕೆ ಆನೆ ಬಂದ ರಾತ್ರಿ ಪಟಾಕಿ ಹೊಡೆದು, ಕೂಗಾಡಿ ಓಡಿಸಿದ್ರು. ಮೂರು ವರ್ಷದ ಮೊಮ್ಮಗ ನಿದ್ದೆಗಣ್ಣಲ್ಲಿ ನಡುಗ್ತಿದ್ದ. ದೀಪಾವಳೀಲಿ ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರ್ಕೊಂಡ. ಅವನ ತಾತ ಪುಕ್ಕಲ ಅಂದ್ರು. ನಾನೂ ನಕ್ಕುಬಿಟ್ಟೆ. ನೆನೆಸ್ಕೊಂಡ್ರೆ ಈಗ ನಾಚಿಕೆ ಆಯ್ತದೆ.

1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನೋ ಹೆಣ್ಮಗಳು, ಮೊಲಕ್ಕೆ ಹೆದರೋ ಹುಡುಗನಿಗೆ ಇಷ್ಟದ ತಿಂಡಿ ಕೊಡ್ತಾ, ಮೊಲನ ದೂರದಿಂದ ಸ್ವಲ್ಪಸ್ವಲ್ಪವೇ ಹತ್ರ ತಂದು ಭಯ ಬಿಡಿಸಿದ್ದನ್ನ ಬರೆದವ್ರೆ. ಮಗಳ ಪುಸ್ತಕದಲ್ಲಿ ಅದನ್ನ ಓದಿದ ಮೇಲೆ ನಾನೂ ಹಂಗೇ ಮಾಡ್ದೆ. ದೂರದ ಬೀದೀಲಿ ಪಟಾಕಿ ಹೊಡೆಯೋವಾಗ ಅವನನ್ನ ತೊಡೆ ಮೇಲೆ ಕೂರಿಸ್ಕೊಂಡು ಕೈಗೆ ಕಜ್ಜಾಯ ಕೊಟ್ಟೆ. ಈ ವರ್ಷ ಜಗಲಿವರೆಗೂ ಬಂದವ್ನೆ. ನನ್ನ ಸೆರಗು ಮಾತ್ರ ಇನ್ನೂ ಬಿಟ್ಟಿಲ್ಲ. ಇರ್ಲಿ, ಅವಸರ ಏನಿಲ್ಲ. ನಿಮ್ಮನೇಲೂ ಮಗು ಯಾವುದಕ್ಕಾದ್ರೂ ಹೆದರಿದ್ರೆ ನಗಬೇಡಿ ಕಣ್ರವ್ವ. ಯಾವುದ್ರ ಜೊತೆ ಏನು ಅಂಟ್ಕೊಂಡೈತೆ ಅಂತ ಮೊದಲು ನೋಡಿ.